ಕಾರು ಬಿಟ್ಟ ಶಾಮಣ್ಣನವರ ಕಾರು

"ಈ ಆಯುಧಪೂಜೆಗೆ ನಮ್ಮ ಮನೆಗೆ ಕಾರು ಬಂದೇ ಬರುತ್ತೆ. ಅದೂ ಬ್ಯಾಂಕ್ ಲೋನಿನಲ್ಲಿ! ಬರೆದಿಟ್ಟುಕೋ!"

ಮುಂಬಯಿಯ ಗೋರೆಗಾಂವಿನ ತಮ್ಮ ಫ್ಲಾಟಿನ ಹಾಲಿನಲ್ಲಿ ಶಾಮಣ್ಣನವರು ಹೀಗೆ ಘೋಷಣೆ ಮಾಡಿದಾಗ ಅವರ ಒಂದು ಕೈಯಲ್ಲಿ ಕಾಫಿ ಲೋಟವೂ ಇನ್ನೊಂದರಲ್ಲಿ ಕೋಡುಬಳೆಯೂ ಇದ್ದವು. ಕೋಡುಬಳೆ ಎತ್ತಿ ಹಿಡಿದ ಆ ಗತ್ತು ನೋಡಿದರೆ ದಂಡಯಾತ್ರೆಗೆ ಹೊರಟ ಚಕ್ರವರ್ತಿಯೇ ಸರಿ! ಆದರೆ ಅದು ಅವರ ಹೆಂಡತಿ ಕೌಸಲ್ಯಾ ಗಿರಾಕಿಗಳಿಗೆಂದು ಕರಿದಿಟ್ಟ ಡಬ್ಬಿಯಿಂದ ಕದ್ದದ್ದು.

"ಮೊದಲು ಅದನ್ನ ಡಬ್ಬಿಗೆ ಹಾಕಿ," ಎಂದರು ಕೌಸಲ್ಯಾ, ಹಿಟ್ಟು ನಾದುತ್ತಲೇ. "ಲೋನ್ ಯಾಕ್ರೀ? ನನ್ನ ಕೋಡುಬಳೆ ದುಡ್ಡಿದೆಯಲ್ಲ. ಕ್ಯಾಶ್ ಕೊಟ್ಟು ಒಂದು ಸೆಕೆಂಡ್ ಹ್ಯಾಂಡ್ ತರೋಣ. ಡಬ್ಬಿಗಳನ್ನ ಆಟೋದಲ್ಲಿ ಹೊತ್ತು ಹೊತ್ತು ನನ್ನ ಸೊಂಟ ಬಿದ್ದುಹೋಯ್ತು."

"ಕ್ಯಾಶ್ ಯಾರು ಬೇಕಾದ್ರೂ ಕೊಡ್ತಾರೆ ಕಣೆ! ಸಾಲ ಸಿಗೋದು ಮರ್ಯಾದಸ್ಥರಿಗೆ ಮಾತ್ರ. ಬ್ಯಾಂಕು ನನ್ನ ಕೈಗೆ ಸಾಲ ಕೊಟ್ಟ ದಿನ ಈ ಶಾಮಣ್ಣ ಮತ್ತೆ ಮನುಷ್ಯನಾದ ಅಂತ ಅರ್ಥ!"

ಈ ಮಾತಿನ ಹಿಂದೆ ಒಂದು ನೋವಿತ್ತು. ಮೈಸೂರಿನಿಂದ ಬಂದು ಅಂಧೇರಿಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ ಇಟ್ಟಿದ್ದರು ಶಾಮಣ್ಣನವರು. ಭಾರೀ ಸಾಲ ಮಾಡಿ ಫಾರಿನ್ ಮಷೀನ್ ತರಿಸಿದರು. ಮಷೀನ್ ಬಂದಿಳಿದ ಬೆನ್ನಿಗೇ ಕೊರೊನಾ ಬಂದಿಳಿಯಿತು! ಮದುವೆಗಳು ನಿಂತವು. ನಿಲ್ಲದ ಮದುವೆಗಳ ಪತ್ರಿಕೆ ವಾಟ್ಸಾಪಿನಲ್ಲಿ ಹೋಯಿತು. ಪ್ರೆಸ್ಸೂ ಹೋಯಿತು, ಮಷೀನೂ ಹೋಯಿತು, ಕೊನೆಗೆ ಕೋರ್ಟಿನಲ್ಲಿ ದಿವಾಳಿ ಎಂದು ಬರೆಸಿಕೊಂಡ ಮೇಲೆ ಕಾರೂ ಹೋಯಿತು. ಕಾರು ಎತ್ತಿಕೊಂಡು ಹೋದ ದಿನ ಅವರು ಬಾತ್‌ರೂಮಿನ ಬಾಗಿಲು ಹಾಕಿ, ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತದ್ದು ಕೌಸಲ್ಯಾ ಒಬ್ಬರಿಗೇ ಗೊತ್ತು.

ಈಗ ಎಲ್ಲ ಒಂದು ದಡ ಮುಟ್ಟಿತ್ತು. ಕೋರ್ಟು ಸಾಲಗಳಿಂದ ಬಿಡುಗಡೆ ಕೊಟ್ಟಿತ್ತು. ಶಾಮಣ್ಣನವರು ವಿಕ್ರೋಳಿಯ ಒಂದು ಕಂಪನಿಯ ಆಫೀಸಿನಲ್ಲಿ ಸಂಬಳಕ್ಕೆ ಸೇರಿದ್ದರು. ಕೌಸಲ್ಯಾ ಅವರ ಕೋಡುಬಳೆ ಪವಯಿಯ ತನಕ ಹೆಸರು ಮಾಡಿತ್ತು. ಉಳಿದದ್ದು ಒಂದೇ ಭಯ: ದಿವಾಳಿ ಎಂಬ ಆ ಮೂರಕ್ಷರ ಕನ್ನಡ ಸಂಘದವರ ಕಿವಿಗೆ ಬೀಳಬಾರದು!

ಯಾಕೆಂದರೆ ಕಾರು ಹೋದ ಹೊಸದರಲ್ಲಿ ಸಂಘದ ಕಾರ್ಯದರ್ಶಿ ಕಾಂತಪ್ಪನವರು ಎಲ್ಲರೆದುರು ಕೇಳಿಬಿಟ್ಟಿದ್ದರು: "ಕಾರೆಲ್ಲಿ ಮಾರಾಯ್ರೆ? ಆಟೋದಲ್ಲಿ ಬಂದಿರಲ್ಲ?" ಶಾಮಣ್ಣನವರ ನಾಲಿಗೆ ಅವರನ್ನು ಕೇಳದೆಯೇ ಉತ್ತರ ಕೊಟ್ಟಿತು: "ಬಿಟ್ಟುಬಿಟ್ಟೆ ಕಾಂತಪ್ಪನೋರೆ. ಪರಿಸರಕ್ಕಾಗಿ!" ಚಪ್ಪಾಳೆಯೋ ಚಪ್ಪಾಳೆ! ಆ ಕ್ಷಣದಿಂದ ಶಾಮಣ್ಣನವರು ಸಂಘದ ಪರಿಸರ ಸಮಿತಿಯ ಅಧ್ಯಕ್ಷರು. "ಕಾರು: ಮನುಕುಲದ ಶತ್ರು" ಎಂದು ಅವರು ಮಾಡಿದ ಭಾಷಣ ಕೇಳಿ ಒಬ್ಬರು ತಮ್ಮ ಸ್ಕೂಟರನ್ನೂ ಮಾರಿಬಿಟ್ಟರು, ಪಾಪ.

"ಅದ್ಸರಿ, ಕಾರು ತಂದ್ರೆ ಸಂಘದವರಿಗೆ ಏನು ಹೇಳ್ತೀರಿ?" ಎಂದು ಕೌಸಲ್ಯಾ ಕೇಳಿದರು.

"ಆಮೇಲೆ ನೋಡ್ಕೊಳ್ಳೋಣ!" ಎಂದರು ಚಕ್ರವರ್ತಿಗಳು.

ಬ್ಯಾಂಕಿನಲ್ಲಿ ಟೈ ಕಟ್ಟಿದ ಒಬ್ಬ ತರುಣ ಗಂಡ ಹೆಂಡತಿ ಇಬ್ಬರಿಗೂ ಚಹಾ ತರಿಸಿದ, ನಕ್ಕ, ಕಂಪ್ಯೂಟರಿನಲ್ಲಿ ಶಾಮಣ್ಣನವರ ಹೆಸರು ಕುಟ್ಟಿದ. ನಗು ಅಲ್ಲಿಗೇ ನಿಂತಿತು. ಮ್ಯಾನೇಜರನ್ನು ಕರೆದ. ಇಬ್ಬರೂ ಎಕ್ಸ್‌ರೇ ನೋಡುವ ಡಾಕ್ಟರುಗಳಂತೆ ಪರದೆ ನೋಡಿ ತುಟಿ ಬಿಗಿದರು.

"ಸರ್, ಆಪ್ ಕಾ ಥೋಡಾ ಹಿಸ್ಟರಿ ಹೈ," ಎಂದ ತರುಣ.

"ಇರದೇ ಏನು! ಮೈಸೂರಿನವರು ನಾವು!" ಎಂದು ಶಾಮಣ್ಣನವರು ಹಿಂದಿಯಲ್ಲಿ ಎದೆಯುಬ್ಬಿಸಿದರು.

"ಆ ಹಿಸ್ಟರಿ ಅಲ್ಲ ಸರ್. ಇನ್ಸಾಲ್ವೆನ್ಸಿ! ದಿವಾಲಾ!" ಆ ಹುಡುಗನ ಗಂಟಲೋ, ದಾದರ್ ಸ್ಟೇಷನ್ನಿನ ಧ್ವನಿವರ್ಧಕ! ಇಡೀ ಬ್ಯಾಂಕು ತಿರುಗಿ ನೋಡಿತು. ಶಾಮಣ್ಣನವರು ಗಾಬರಿಯಿಂದ ಸುತ್ತಲೂ ಕಣ್ಣಾಡಿಸಿದರು. ಯಾರ ಮುಖದಲ್ಲೂ ಕನ್ನಡದ ಕಳೆ ಕಾಣಲಿಲ್ಲ. ಸದ್ಯ! ಇನ್ನೂ ಕೆಲವು ವರ್ಷ ಕಾಯಬೇಕು, ಇಲ್ಲವೇ ಯಾರಾದರೂ ಜಾಮೀನು ನಿಲ್ಲಬೇಕು ಎಂದರು ಮ್ಯಾನೇಜರು. ಅಷ್ಟರಲ್ಲಿ ತರುಣ ಶಾಮಣ್ಣನವರ ಮುಂದಿದ್ದ ಬಿಸ್ಕತ್ತಿನ ತಟ್ಟೆಯನ್ನು ಮೆಲ್ಲಗೆ ತನ್ನತ್ತ ಎಳೆದುಕೊಂಡಿದ್ದ. ಸಾಲ ಸಿಗದಿದ್ದರೆ ಹೋಗಲಿ, ಬಿಸ್ಕತ್ತಿಗೂ ನಂಬಿಕೆ ಇಲ್ಲವೇ!

ಶಾಮಣ್ಣನವರು ಅರ್ಜಿಯನ್ನು ಮಡಚಿ ಜೇಬಿಗೆ ಹಾಕಿಕೊಂಡು ಹೊರಗೆ ಬಂದರು. ನಿಜವಾಗಿಯೂ ಅವರಿಗೆ ಪೆಟ್ಟಾಗಿತ್ತು. ಕೌಸಲ್ಯಾ ಕೆಣಕಲಿಲ್ಲ. ಒಂದು ಆಟೋ ಕರೆದು, "ಕ್ಯಾಶೇ ಸರಿ. ನಡೀರಿ," ಎಂದಷ್ಟೇ ಹೇಳಿದರು.

ಹಳೆ ಕಾರು ಮಾರುವ ಅಂಗಡಿ ಅಂಧೇರಿಯ ಮೆಟ್ರೋ ಸೇತುವೆಯ ಕೆಳಗಿತ್ತು. ಮಾಲೀಕನನ್ನು ಎಲ್ಲರೂ ಸಿದ್‌ಭಾಯ್ ಎನ್ನುತ್ತಿದ್ದರು. ಬಿಳಿ ಸಫಾರಿ ಸೂಟು, ಬಾಯಲ್ಲಿ ಗುಟ್ಕಾ, ತುಟಿಯಿಂದ ಉದುರುವುದೆಲ್ಲ ಅಪ್ಪಟ ಬಂಬಯ್ಯಾ ಹಿಂದಿ, ಫೋನಿನಲ್ಲಿ ಗುಜರಾತಿ, ಕೆಲಸದವರಿಗೆ ಮರಾಠಿ.

ಮುಂಬಯಿಯ ಕನ್ನಡಿಗರಿಗೆ ದೇವರು ಒಂದು ದೊಡ್ಡ ವರ ಕೊಟ್ಟಿದ್ದಾನೆ. ಯಾರ ಎದುರಿಗೆ ಬೇಕಾದರೂ ನಿಂತು, ಅವರ ಗುಟ್ಟನ್ನೂ ತಮ್ಮ ಗುಟ್ಟನ್ನೂ ಗಂಟಲು ಬಿಟ್ಟು ಮಾತಾಡಬಹುದು! ಲೋಕಲ್ ರೈಲಿನಲ್ಲಿ ಪಕ್ಕದವರ ಮೂಗಿನ ಬಗ್ಗೆ, ಲಿಫ್ಟಿನಲ್ಲಿ ಮೇಲಿನ ಮಹಡಿಯವರ ಸೊಸೆಯ ಬಗ್ಗೆ, ಅಂಗಡಿಯಲ್ಲಿ ಅಂಗಡಿಯವನ ಬಗ್ಗೆ. ಶಾಮಣ್ಣನವರಂತೂ ಈ ವರವನ್ನು ಧಾರಾಳವಾಗಿ ಖರ್ಚು ಮಾಡುವವರು.

ಸಿದ್‌ಭಾಯ್ ಒಂದು ಬೂದು ಬಣ್ಣದ ಕಾರು ತೋರಿಸಿದ. ಅದನ್ನು ನೋಡಿದ್ದೇ ಕೌಸಲ್ಯಾ ಅವರ ಮುಖ ಅರಳಿತು.

"ಹಲ್ಲು ಮುಚ್ಚೇ!" ಎಂದರು ಶಾಮಣ್ಣನವರು ಅವನ ಮುಂದೆಯೇ. "ಇಷ್ಟ ಆಯ್ತು ಅಂತ ಗೊತ್ತಾದ್ರೆ ಕುತ್ತಿಗೆ ಕೊಯ್ತಾನೆ. ಇವನ ಮುಖ ನೋಡು, ಕಳ್ಳನ ಕಳೆ ಹೆಂಗೆ ಎದ್ದು ಕಾಣ್ತಿದೆ!"

"ಕ್ಯಾ ಬೋಲೇ ಸೇಠ್?" ಎಂದು ಸಿದ್‌ಭಾಯ್ ವಿನಯದಿಂದ ಕೇಳಿದ.

"ಕುಛ್ ನಹೀ. ವೈಫ್ ಬೋಲಾ ಕಲರ್ ಖರಾಬ್ ಹೈ," ಎಂದರು ಶಾಮಣ್ಣನವರು. ಮತ್ತೆ ಕನ್ನಡಕ್ಕೆ ತಿರುಗಿದರು: "ನಾಲ್ಕು ಲಕ್ಷದ ತನಕ ಹೋಗೋಣ. ಅದರ ಮೇಲೆ ಒಂದು ರೂಪಾಯಿ ಇಲ್ಲ. ಸದ್ಯಕ್ಕೆ ಎರಡೂವರೆಯಿಂದ ಶುರು ಮಾಡ್ತೀನಿ. ಲೋನ್ ಬೇಕಾ ಅಂತ ಅವನು ಕೇಳಿದ್ರೆ ಬಾಯಿ ಬಿಡಬೇಡ. ನಾನು ದಿವಾಳಿ ಎದ್ದವನು ಅಂತ ಗೊತ್ತಾದ್ರೆ ಇವನೂ ಬಿಸ್ಕತ್ತು ಎಳ್ಕೊಳ್ತಾನೆ!"

"ಅಲ್ರೀ, ಪರಿಸರಕ್ಕೆ ಕಾರು ಬಿಟ್ಟೆ ಅಂತ ಸಂಘಕ್ಕೆಲ್ಲ ಟೋಪಿ ಹಾಕಿದ್ದೀರಲ್ಲ, ನೀವು ಇವನನ್ನ ಕಳ್ಳ ಅಂತೀರಾ?" ಎಂದು ಕೌಸಲ್ಯಾ ನಕ್ಕರು. ಪಾಪ ಅನ್ನಿಸಿತೋ ಏನೋ, ಚೀಲದಿಂದ ಎರಡು ಕೋಡುಬಳೆ ತೆಗೆದು ಸಿದ್‌ಭಾಯ್ ಕೈಗೆ ಇಟ್ಟರು. ಅವನು ಗುಟ್ಕಾ ಉಗುಳಿ, ಬಾಯಿ ಮುಕ್ಕಳಿಸಿ, ಕಣ್ಣು ಮುಚ್ಚಿ ತಿಂದ.

ಚೌಕಾಸಿ ಶುರುವಾಯಿತು. ಶಾಮಣ್ಣನವರು ಎರಡೂವರೆ ಎಂದರು. ಸಿದ್‌ಭಾಯ್ ಕೋಪಿಸಿಕೊಳ್ಳಲಿಲ್ಲ, ಆಣೆ ಹಾಕಲಿಲ್ಲ, ಮಕ್ಕಳನ್ನು ನೆನೆಸಿಕೊಳ್ಳಲಿಲ್ಲ. ಕೈ ಒರೆಸಿಕೊಂಡು, "ಚಾರ್ ಲಾಖ್. ಉಸ್ಕೆ ಊಪರ್ ಏಕ್ ರುಪಯಾ ನಹೀ ಲೂಂಗಾ," ಎಂದ.

ಶಾಮಣ್ಣನವರು ದಂಗಾದರು! ಹೊಟ್ಟೆಯೊಳಗೆ ಕೈ ಹಾಕಿ ತೆಗೆದ ಹಾಗೆ ಆ ನಾಲ್ಕು ಲಕ್ಷವನ್ನೇ ತಂದಿಟ್ಟನಲ್ಲ! "ಮುಖ ನೋಡಿ ಜೇಬು ಅಳೆಯೋ ಜನ ಕಣೆ ಇವರು," ಎಂದು ತಾವೇ ಸಮಾಧಾನ ಹೇಳಿಕೊಂಡರು. ಕಾರು ಕೌಸಲ್ಯಾ ಹೆಸರಿಗೆ ಆಯಿತು. ಓಡಿಸುವವರೂ ಅವರೇ. ದಿವಾಳಿಯ ಗಲಾಟೆಯಲ್ಲಿ ಶಾಮಣ್ಣನವರ ಲೈಸೆನ್ಸು ಯಾವಾಗಲೋ ಮುಗಿದು ಹೋಗಿತ್ತು.

ಆಯುಧಪೂಜೆಯೇನೋ ಆಯಿತು. ಆದರೆ ಮನೆಯ ಗೇಟಿನೊಳಗಲ್ಲ, ಎರಡು ಗಲ್ಲಿ ಆಚೆಯ ಪೇ ಪಾರ್ಕಿಂಗಿನಲ್ಲಿ, ಕಳ್ಳಪೂಜೆ! ಬಿಲ್ಡಿಂಗಿನ ಎದುರಿಗೇ ಸಂಘದ ಚೆನ್ನಯನವರ ಮನೆ. ಅವರ ಬಾಲ್ಕನಿಗೆ ಕಾಣದ ಹಾಗೆ ಕಾರು ಇಡಬೇಕು. ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿದ ಸದ್ದಿಗೇ ಶಾಮಣ್ಣನವರು ಬೆಚ್ಚಿದರು. ಎಲ್ಲಿಗಾದರೂ ಹೊರಟರೆ ಕೌಸಲ್ಯಾ ಸ್ಟಿಯರಿಂಗ್ ಹಿಡಿದು ರಾಣಿಯ ಹಾಗೆ ಕೂರುವರು. ಶಾಮಣ್ಣನವರು ಹಿಂದಿನ ಸೀಟಿನಲ್ಲಿ ಡಬ್ಬಿಗಳ ನಡುವೆ ಬೆಡ್‌ಶೀಟ್ ಹೊದ್ದು ಮಲಗುವರು!

"ತಲೆ ಎತ್ತಲಾ?" ಎಂದು ಒಳಗಿಂದ ಕೇಳುವರು.

"ಬೇಡ, ಸಿಗ್ನಲ್ಲು."

"ಈಗ?"

"ಮಲಗಿರಿ. ಪಕ್ಕದ ಆಟೋದಲ್ಲಿರೋ ಹೆಂಗಸು ನಿಮ್ಮ ಕಾಲು ನೋಡಿ ಹೆಣ ಅಂದ್ಕೊಂಡು ಕೈಮುಗೀತಿದಾಳೆ."

ಹೀಗಿರುವಾಗ ಕಾಂತಪ್ಪನವರ ಫೋನು ಬಂತು. "ಶಾಮಣ್ಣನವ್ರೇ, ಒಂದು ಸಂತೋಷದ ವಿಷಯ ಮಾರಾಯ್ರೆ! ಈ ಸಲ ರಾಜ್ಯೋತ್ಸವಕ್ಕೆ ಸಂಘದಿಂದ ನಿಮಗೆ ಸನ್ಮಾನ. 'ಪರಿಸರ ಯೋಗಿ' ಅಂತ ಬಿರುದು. ಶಾಲು, ಪೇಟ, ಹಣ್ಣಿನ ಬುಟ್ಟಿ, ಎಲ್ಲಾ ಉಂಟು!"

ಶಾಮಣ್ಣನವರು ಸೋಫಾ ಸಿಗುವ ಮೊದಲೇ ಕೂತುಬಿಟ್ಟರು. ನೆಲದ ಮೇಲೆ.

"ಬೇಡ ಅಂದುಬಿಡಿ," ಎಂದರು ಕೌಸಲ್ಯಾ. "ಕಾರು ತಗೊಂಡಿದ್ದೀವಿ ಅಂತ ನಿಜ ಹೇಳಿ. ಇದರಲ್ಲಿ ಅವಮಾನ ಏನಿದೆ?"

"ನಿಂಗೆ ಅರ್ಥ ಆಗಲ್ಲ! ಕಾರು ತಗೊಂಡೆ ಅಂದ್ರೆ ಪರಿಸರ ಎಲ್ಲಿ ಹೋಯ್ತು ಅಂತಾರೆ. ಪರಿಸರ ಸುಳ್ಳು ಅಂದ್ರೆ ಹಳೇ ಕಾರು ಎಲ್ಲಿ ಹೋಯ್ತು ಅಂತಾರೆ. ಅಲ್ಲಿಗೆ ದಿವಾಳಿ ಆಚೆ ಬಂತು! ಆಮೇಲೆ ಸಂಘದ ಮೆಟ್ಟಿಲು ಯಾವ ಮುಖ ಇಟ್ಕೊಂಡು ಹತ್ತಲಿ? ಈ ಊರಲ್ಲಿ ನನಗೆ ಅಂತ ಇರೋ ಜನ ಅವರೊಬ್ಬರೇ ಕಣೆ."

ಕೊನೆಯ ಮಾತಿಗೆ ಅವರ ದನಿ ಇಳಿದುಹೋಯಿತು. ಕೌಸಲ್ಯಾ ಗಂಡನ ರೇಷ್ಮೆ ಪಂಚೆ ಇಸ್ತ್ರಿಗೆ ಕೊಟ್ಟು ಬಂದರು.

ರಾಜ್ಯೋತ್ಸವದ ಸಂಜೆ ಅಂಧೇರಿಯ ಸಭಾಂಗಣ ತುಂಬಿ ತುಳುಕುತ್ತಿತ್ತು. ಪರಿಸರ ಯೋಗಿಗಳು ಬೆಡ್‌ಶೀಟಿನಡಿ ಮಲಗಿಯೇ ಬಂದು, ಹಾಲಿನ ಹಿಂದಿನ ಗಲ್ಲಿಯಲ್ಲಿ ಇಳಿದು, ಪಂಚೆ ಸರಿಮಾಡಿಕೊಂಡು, ಸ್ಟೇಷನ್ನಿನ ಕಡೆಯಿಂದ ನಡೆದು ಬಂದವರ ಹಾಗೆ ಏದುಸಿರು ಬಿಡುತ್ತಾ ಒಳಗೆ ಕಾಲಿಟ್ಟರು. "ನೋಡಿ, ಇವತ್ತೂ ನಡೆದೇ ಬಂದಿದ್ದಾರೆ!" ಎಂದು ಯಾರೋ ಮೆಚ್ಚಿದರು. ವೇದಿಕೆಗೆ ಕರೆದು ಕೂರಿಸಿದರು. ಮೈಸೂರು ಪೇಟ ತಲೆಗೆ ಬಂತು. ಶಾಮಣ್ಣನವರಿಗೆ ಧೈರ್ಯವೂ ಬಂತು. ಇಷ್ಟೇ ತಾನೆ! ಇನ್ನರ್ಧ ಗಂಟೆ ಕಳೆದರೆ ಗೆದ್ದ ಹಾಗೆ!

ಕಾಂತಪ್ಪನವರು ಮೈಕು ಹಿಡಿದರು. "ಈಗ ನಮ್ಮ ಮುಖ್ಯ ಅತಿಥಿಗಳು. ಮೂಲತಃ ಗದಗಿನ ಕಡೆಯವರು. ಇಲ್ಲೇ ಅಂಧೇರಿಯಲ್ಲಿ ದೊಡ್ಡ ಉದ್ಯಮಿ. ಈ ಸಲದ ಊಟದ ಖರ್ಚು ಪೂರ್ತಿ ಅವರದ್ದೇ. ಶ್ರೀಯುತ ಸಿದ್ದಲಿಂಗಪ್ಪನವರು!"

ಪರದೆಯ ಪಕ್ಕದಿಂದ ಬಿಳಿ ಸಫಾರಿಯೊಂದು ನಡೆದು ಬಂತು.

ಸಿದ್‌ಭಾಯ್!

ಪೇಟದೊಳಗೆ ಶಾಮಣ್ಣನವರ ತಲೆ ಬೆವರಿತು. ಕೆಳಗೆ ಮುಂದಿನ ಸಾಲಿನಲ್ಲಿ ಕೌಸಲ್ಯಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ಹೆದರಿಕೆಗೋ ನಗುವಿಗೋ ಹೇಳುವುದು ಕಷ್ಟ. ಕಳ್ಳನ ಕಳೆ, ಎರಡೂವರೆ, ನಾಲ್ಕು ಲಕ್ಷ, ದಿವಾಳಿ, ಟೋಪಿ! ಅಂಗಡಿಯಲ್ಲಿ ಆಡಿದ ಒಂದೊಂದು ಮಾತೂ ಸಾಲಾಗಿ ಬಂದು ಶಾಮಣ್ಣನವರ ಕಣ್ಣ ಮುಂದೆ ನಿಂತಿತು.

ಸಿದ್ದಲಿಂಗಪ್ಪ ಶಾಲು ಹೊದಿಸಲು ಬಗ್ಗಿದ. ಕಿವಿಯ ಹತ್ತಿರ ಬಾಯಿ ತಂದು, "ಗಾಡಿ ಹೆಂಗ್ ಓಡಾಕತ್ತೈತ್ರಿ?" ಎಂದ. ಶಾಮಣ್ಣನವರ ಗಂಟಲಿನಿಂದ ಇಲಿಯ ಸದ್ದೊಂದು ಹೊರಟಿತು.

ಸಿದ್ದಲಿಂಗಪ್ಪ ಮೈಕಿನ ಮುಂದೆ ನಿಂತ. "ಎಲ್ಲಾರ್ಗೂ ನಮಸ್ಕಾರ್ರೀ. ನಾ ಕಾರ್ ಮಾರಾಂವ. ಎಲ್ಲಾರೂ ಶಾಮಣ್ಣಾರ ಹಂಗ ಆದ್ರ ನನ್ನ ಅಂಗಡಿ ಬಾಗಲಾ ಹಾಕಬೇಕಾಗ್ತದ!" ಸಭೆ ನಕ್ಕಿತು. ಅವನು ಗಂಟಲು ಸರಿಮಾಡಿಕೊಂಡ. "ಖರೇ ಹೇಳ್ಬೇಕಂದ್ರ, ಇವ್ರ ಬಗ್ಗೆ ನಿಮಗ್ಯಾರಿಗೂ ಗೊತ್ತಿಲ್ಲದ ಒಂದ್ ಸಂಗತಿ ನನಗ ಗೊತ್ತೈತ್ರಿ..."

ಮುಗಿಯಿತು! ಶಾಮಣ್ಣನವರು ಎದ್ದೇಬಿಟ್ಟರು. ಪೇಟ ಒಂದು ಕಡೆ ವಾಲಿತು. ಓಡಿ ಹೋಗಿ ಮೈಕು ಕಿತ್ತುಕೊಂಡರು.

"ನಾನೇ ಹೇಳ್ತೀನಿ! ಇವರ ಬಾಯಿಂದ ಬೇಡ, ನಾನೇ ಹೇಳ್ತೀನಿ! ನಾನು ಪರಿಸರಕ್ಕೆ ಕಾರು ಬಿಟ್ಟವನಲ್ಲ. ದಿವಾಳಿ ಎದ್ದೆ! ಸಾಲಗಾರರು ಕಾರು ಎತ್ಕೊಂಡು ಹೋದ್ರು! ನಿಮ್ಮ ಮುಂದೆ ಹೇಳೋಕೆ ನಾಚಿಕೆ ಆಗಿ ಸುಳ್ಳು ಹೇಳಿದೆ. ಈಗ ಮತ್ತೆ ಕಾರು ತಗೊಂಡಿದ್ದೀವಿ. ಇವರ ಅಂಗಡಿಯಲ್ಲೇ! ಹಿಂದಿನ ಗಲ್ಲಿಯಲ್ಲಿ ನಿಲ್ಲಿಸಿದ್ದೀವಿ!"

ಸಿದ್ದಲಿಂಗಪ್ಪ ಬಾಯಿ ತೆರೆದುಕೊಂಡು ನಿಂತಿದ್ದ.

"ಅಯ್ಯ ಇವ್ರ! ಗಿರಾಕಿ ಗುಟ್ಟು ನಾ ಯಾಕ್ ಬಿಟ್ಟುಕೊಡ್ಲಿ? ನನಗ ಕಳ್ಳ ಅಂದ್ರೂ ನಾ ಸುಮ್ಮನಿದ್ದಾಂವ! ಇವ್ರ ಮನಿಯವ್ರು ಮಾಡೂ ಕೋಡುಬಳಿ ಬಾಳ ಚೊಲೋ ಇರ್ತಾವ ಅಂತ ಹೇಳಾಕ ಹೊಂಟಿದ್ದೆ!"

ಶಾಮಣ್ಣನವರು ಮೈಕನ್ನೇ ಆಧಾರಕ್ಕೆ ಹಿಡಿದುಕೊಂಡರು. ಭೂಮಿ ಬಾಯಿ ಬಿಡಲಿ ಎಂದು ಕಾದರು. ಅಂಧೇರಿಯ ಭೂಮಿ, ಅಡಿಗಡಿಗೂ ಕಾಂಕ್ರೀಟು, ಬಿಡಲಿಲ್ಲ. ತಲೆ ತಗ್ಗಿಸಿಯೇ, "ಕ್ಷಮಿಸಿ. ನಾಳೆಯಿಂದ ಸಂಘಕ್ಕೆ ಬರಲ್ಲ," ಎಂದರು.

"ಎಂತದು ಬರದೆ ಇರುದು? ಕೂತ್ಕೊಳ್ಳಿ ಮಾರಾಯ್ರೆ," ಎಂದರು ಕಾಂತಪ್ಪನವರು. "ಕಾರೆಲ್ಲಿ ಅಂತ ನಾನು ಗೊತ್ತಿಲ್ಲದೆ ಕೇಳಿದ್ದು. ನೀವು ದಿವಾಳಿ ಆದದ್ದು ಅವತ್ತು ರಾತ್ರಿಯೇ ನಮಗೆ ಗೊತ್ತಾಯ್ತು. ನಿಮ್ಮ ಕಾರು ಎಳ್ಕೊಂಡು ಹೋಗುವಾಗ ಚೆನ್ನಯನವ್ರು ಬಾಲ್ಕನಿಯಲ್ಲೇ ಇದ್ರಲ್ಲ!"

ಚೆನ್ನಯನವರು ಸಭೆಯಿಂದಲೇ ಕೈ ಎತ್ತಿ ಹೌದೆಂದರು.

"ಗೊತ್ತಿತ್ತಾ?" ಶಾಮಣ್ಣನವರು ತಲೆ ಎತ್ತಿ ಸಭೆಯನ್ನೊಮ್ಮೆ ನೋಡಿದರು. "ಎಲ್ಲರಿಗೂ?"

"ಎಲ್ಲರಿಗೂ. ಇಷ್ಟು ವರ್ಷ ನಿಮ್ಮತ್ರ ಸಂಘದ ವಂತಿಗೆ ಯಾರೂ ಕೇಳ್ಲಿಲ್ಲ. ಯಾಕೆ ಅಂತ ಎಣಿಸಿದ್ರಿ ನೀವು?"

"ನನ್ನ ಮೇಲಿನ ಗೌರವಕ್ಕೆ ಅಂದ್ಕೊಂಡಿದ್ದೆ," ಎಂದರು ಶಾಮಣ್ಣನವರು.

ಇಡೀ ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಶಾಮಣ್ಣನವರ ಕಣ್ಣು ಮಾತ್ರ ಮಂಜಾಯಿತು. ಇಷ್ಟು ಜನ, ಇಷ್ಟು ವರ್ಷ, ಒಂದು ದಿನ ಒಬ್ಬರಾದರೂ ಬಾಯಿ ಬಿಟ್ಟಿರಲಿಲ್ಲ. ಅವರ ಆ ಭಾಷಣವನ್ನು ಕೂಡ ಮುಖ ಗಂಟಿಕ್ಕದೆ ಕೂತು ಕೇಳಿದ್ದರು. ಬದುಕಿದೆ ಎಂದುಕೊಂಡು ಅವರು ಪಂಚೆಯ ಚುಂಗಿನಿಂದ ಕಣ್ಣೊರೆಸಿಕೊಂಡು ಕುರ್ಚಿಯ ಕಡೆ ತಿರುಗಿದರು.

ಕಾಂತಪ್ಪನವರು ಮಾತ್ರ ಅಲುಗಲಿಲ್ಲ. ಅವರ ಮುಖ ಈಗ ಗಂಭೀರವಾಗಿತ್ತು.

"ದಿವಾಳಿ ಗೊತ್ತಿತ್ತು, ಸರಿ. ಆದ್ರೆ ಈ ಕಾರಿನ ವಿಷಯ ನಮಗೆ ಗೊತ್ತಿರ್ಲಿಲ್ಲ! ಸನ್ಮಾನ ಕಾರಿಲ್ಲದವ್ರಿಗೆ ಅಂತ ಕಮಿಟಿಯಲ್ಲಿ ಪಾಸಾಗಿದೆ." ಅವರು ಕೈ ಚಾಚಿದರು. "ಶಾಲು ಕೊಡಿ."

ಶಾಮಣ್ಣನವರು ಬೆಪ್ಪಾಗಿ ಶಾಲು ಬಿಚ್ಚಿ ಕೊಟ್ಟರು. ಕಾಂತಪ್ಪನವರು ಪೇಟವನ್ನೂ ಇಳಿಸಿಕೊಂಡರು. ಇದನ್ನು ಈಗ ಯಾರಿಗೆ ಹೊದಿಸುವುದು ಎಂದು ಸಭೆಯಲ್ಲೇ ಚರ್ಚೆ ಎದ್ದಿತು. "ಕೋಡುಬಳಿ ಮಾಡಿ ಕಾರ್ ತಂದ ಅಕ್ಕಾರಿಗೆ ಹೊಚ್ರೀ!" ಎಂದ ಸಿದ್ದಲಿಂಗಪ್ಪ. ಊಟದ ಖರ್ಚು ಅವನದ್ದು, ಮಾತು ನಡೆಯಿತು. ಶಾಲು ಕೌಸಲ್ಯಾ ಹೆಗಲಿಗೆ ಹೋಯಿತು. ಪೇಟ ಅವರ ತಲೆಗೆ. ಹಣ್ಣಿನ ಬುಟ್ಟಿ ಅವರ ತೊಡೆಗೆ. ಅಂಥ ಚಪ್ಪಾಳೆಯನ್ನು ಶಾಮಣ್ಣನವರು ತಮ್ಮ ಭಾಷಣಕ್ಕೂ ಕೇಳಿರಲಿಲ್ಲ.

ಊಟ ಮುಗಿಯುವಷ್ಟರಲ್ಲಿ ಹಿಂದಿನ ಗಲ್ಲಿಯ ಬೂದು ಕಾರಿನ ಸುತ್ತ ಸಂಘವೇ ನೆರೆದಿತ್ತು. ಕಾಂತಪ್ಪನವರು, ಅವರ ಹೆಂಡತಿ, ಅವರ ಅತ್ತೆ ಎಲ್ಲರೂ ಬೋರಿವಲಿಗೆ ಹೋಗುವವರು. ಅತ್ತೆಗೆ ಮಂಡಿ ನೋವು. ಚೆನ್ನಯನವರು ಮನೆಯೆದುರಿನವರೇ, ಮೇಲಾಗಿ ಅವರ ಕಂಕುಳಲ್ಲಿ ಹಾರ್ಮೋನಿಯಂ. ಒಬ್ಬೊಬ್ಬರಾಗಿ ಎಲ್ಲರೂ ಒಳಗೆ ಸೇರಿಕೊಂಡರು. ಕೌಸಲ್ಯಾ ಪೇಟ ಧರಿಸಿಯೇ ಸ್ಟಿಯರಿಂಗ್ ಹಿಡಿದರು. ಶಾಮಣ್ಣನವರು ಒಂದು ಬಾಗಿಲು ತೆರೆದು ನೋಡಿದರು, ಇನ್ನೊಂದು ತೆರೆದು ನೋಡಿದರು. ಬೆಡ್‌ಶೀಟಿನ ಜಾಗದಲ್ಲಿ ಕಾಂತಪ್ಪನವರ ಅತ್ತೆ ಕೂತಿದ್ದರು.

"ಮತ್ತೆ ನಾನು?" ಎಂದರು ಶಾಮಣ್ಣನವರು.

ಕೌಸಲ್ಯಾ ಗಾಜು ಇಳಿಸಿದರು. ಪೇಟ ಸರಿಮಾಡಿಕೊಂಡು, ನಕ್ಕು, ಇಂಜಿನ್ ಸ್ಟಾರ್ಟ್ ಮಾಡಿದರು.

"ನೀವು ಲೋಕಲ್ಲಿನಲ್ಲಿ ಬಂದುಬಿಡಿ. ಇವತ್ತೊಂದು ದಿನವಾದರೂ ಪರಿಸರ ನಿಜವಾಗಿ ಉಳೀಲಿ."